ಐದು ದಿನದ ಹೊಸ್ತಿಲು

ಬೇರೆ ಊರುಗಳಲ್ಲಿ ಹೊಸ್ತಿಲ ಮೇಲೆ ಕೂತರೆ ಹಿರಿಯರು ಬೈಯುತ್ತಾರಂತೆ. ನಮ್ಮೂರಲ್ಲಿ ಲಕ್ವಾ ಹೊಡೆದವನು ಹೊಸ್ತಿಲ ಮೇಲೆ ಕೂರದೆ ಮೂಲೆ ಹಿಡಿದು ಮಲಗಿದರೆ ಬೈಯುತ್ತಾರೆ. ಮೊದಲ ಕೋಳಿ ಕೂಗಿದ್ದೇ ತಡ, ಊರಿನ ಅಷ್ಟೂ ಹೊಸ್ತಿಲುಗಳು ಮಿಡಿಯತೊಡಗುತ್ತವೆ. ಬಿಸಿಲು ಬಂದು ಮೈಮೇಲೆ ಬಿದ್ದ ಮೇಲೆ ಸುಮ್ಮನಾಗುತ್ತವೆ. ಕಣ್ಣಿಗೆ ಕಾಣುವಂಥ ನಡುಕವಲ್ಲ. ಹಾಲು ಕುಡಿದು ಮಲಗಿದ ಬೆಕ್ಕಿನ ಹೊಟ್ಟೆಯ ಮೇಲೆ ಅಂಗೈ ಇಟ್ಟರೆ ಹೇಗೋ ಹಾಗೆ. ಹೊಸದಾಗಿ ಬಂದ ಸೊಸೆಗೆ ಮೊದಲ ದಿನವೇ ಹೇಳಿಕೊಡುತ್ತಾರೆ, ಆ ಹೊತ್ತಿನಲ್ಲಿ ತುಂಬಿದ ಕೊಡ ಹೊಸ್ತಿಲ ಮೇಲೆ ಇಡಬೇಡ, ರಂಗೋಲಿ ಎಳೆಯಬೇಡ ಎಂದು. ಎಳೆದರೆ ಪುಡಿ ತಾನೇ ಹರಿದಾಡಿ ನವಿಲು ಹೋಗಿ ಕೋಳಿಯಾಗುತ್ತದೆ. ಹಲ್ಲು ಬರುವ ಕೂಸು ರಚ್ಚೆ ಹಿಡಿದರೆ ತಾಯಂದಿರು ಒಂದು ಗಳಿಗೆ ಹೊಸ್ತಿಲ ಮೇಲೆ ಹಿಡಿದು ಕೂರುತ್ತಾರೆ, ಕೂಸು ಸುಮ್ಮನಾಗುತ್ತದೆ. ಶಿವ ಹಾಗೆ ಇಟ್ಟಿದ್ದಾನೆ. ಯಾಕೆ ಇಟ್ಟ ಎಂದು ನಾವು ಕೇಳಿದವರಲ್ಲ. ಕೇಳಲೇಬೇಕಾಗಿದ್ದ ಇನ್ನೊಂದು ಮಾತನ್ನೂ ಕೇಳಲಿಲ್ಲ. ನಾನು ಹೇಳಹೊರಟದ್ದು ಅದನ್ನೇ.

ಲಕ್ವಾ ಹೊಡೆದು ಕೈಯೋ ಕಾಲೋ ಬಿದ್ದುಹೋದವರನ್ನು ಹೊಸ್ತಿಲಿಗೆ ಕೂರಿಸುವುದಕ್ಕೆ ಒಂದು ಕ್ರಮವಿದೆ. ಸುಮ್ಮನೆ ಜೋತುಬಿಟ್ಟ ಕೈಗೆ ಮಿಡಿತ ಹತ್ತುವುದಿಲ್ಲ. ಅಂಗೈಯನ್ನು ಮರದ ಮೇಲೆ ಊರಿ, ಮೊಣಕೈಯನ್ನು ತುಸು ಮಡಚಿ, ಮೈಭಾರವನ್ನು ಅದರ ಮೇಲೆ ಬಿಡಬೇಕು. ಕಾಲಾದರೆ ಬಾಗಿಲ ಚೌಕಟ್ಟು ಹಿಡಿದು ಮೊಣಕಾಲು ಬಗ್ಗಿಸಿ ನಿಲ್ಲಬೇಕು. ಜೊತೆಗೊಬ್ಬರು ಹಿಡಿದುಕೊಂಡು ಐವತ್ತು ಸಲ "ನಮಃ ಶಿವಾಯ" ಎಣಿಸಬೇಕು. ಆಮೇಲೆ ಅಷ್ಟೇ ಹೊತ್ತು ಬಿಡುವು. ಮತ್ತೆ ಐವತ್ತು. ಹೀಗೆ ಹತ್ತು ಸರ್ತಿ. ಆಸೆಬಿದ್ದು ಹೆಚ್ಚು ಕೂತರೆ ಕೈ ಸೋತು ಮರುದಿನ ಎದ್ದೇ ಬರುವುದಿಲ್ಲ. ಬಿಸಿಲು ಬಿದ್ದ ಮೇಲೆ ಆ ಕೈಗೆ ಕೆಲಸ ಕೊಡಬೇಕು. ಮೊರದಲ್ಲಿ ಜೋಳ ಹರಡಿ ಒಂದೊಂದೇ ಕಾಳು ಹೆಕ್ಕಿಸುವುದು ರೂಢಿ. ಹೊಸ್ತಿಲು ಎಚ್ಚರಿಸುತ್ತದೆ ಅಷ್ಟೆ, ಕೆಲಸ ಕಲಿಯಬೇಕಾದದ್ದು ಕೈಯೇ ಎನ್ನುತ್ತಿದ್ದರು ನಮ್ಮ ಹಿರಿಯರು. ಮೂರು ತಿಂಗಳು ಬಿಡದೆ ಕೂತವರಲ್ಲಿ ಏಳದವರು ಕಡಿಮೆ.

ಆದರೆ ಯಾವ ಹೊಸ್ತಿಲಿನಲ್ಲಿ ಯಾರು ಕೂರಬೇಕು? ಅದಕ್ಕೆ ಊರಿನ ಕಟ್ಟು ಇತ್ತು. ಮಿಡಿತ ಯಾರ ಕೈಗಾದರೂ ಗೊತ್ತಾಗುತ್ತದೆ, ಮೈಗೆ ಹಿಡಿಯುವುದು ಮಾತ್ರ ಆ ಮನೆಯಲ್ಲಿ ಹುಟ್ಟಿದವರಿಗೆ. ಗಂಡಸರಿಗೆ ಇದರಿಂದ ಏನೂ ತೊಂದರೆಯಿರಲಿಲ್ಲ. ಮನೆಯಲ್ಲೇ ಇರುತ್ತಾರೆ, ಎದ್ದು ನಾಲ್ಕು ಹೆಜ್ಜೆ ತೆವಳಿದರೆ ಹೊಸ್ತಿಲು. ಹೆಂಗಸರು ತವರಿಗೆ ಹೋಗಬೇಕು. ತವರಿಗೆ ಹೋದರೆ ಅಲ್ಲಿ ಐದೇ ದಿನ. ಪಂಚಮಿಗೆ ಬಂದ ಮಗಳನ್ನು ಐದು ದಿನ ಇಟ್ಟುಕೊಂಡು ಉಂಡೆ ಕಟ್ಟಿ ಕಳಿಸುತ್ತಾರಲ್ಲ, ಅದೇ ಲೆಕ್ಕ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು. ಅವಳು ಹೆಚ್ಚು ದಿನ ಕೂತು ಮಿಡಿತ ಹೀರಿಕೊಂಡು ಹೋದರೆ ಮನೆಯ ಗಂಡುಮಕ್ಕಳಿಗೆ ಹೊಸ್ತಿಲು ಬರಡಾಗುತ್ತದೆ. ಹೀಗಾಗಿ ನಮ್ಮೂರ ಗಂಡಸರು ಮೂರು ತಿಂಗಳು ಕೂತು ಏಳುತ್ತಿದ್ದರು, ಹೆಂಗಸರು ಐದು ದಿನ ಕೂತು ಹಾಗೇ ಉಳಿಯುತ್ತಿದ್ದರು. ಓಣಿಗೆ ಇಬ್ಬರು ಮೂವರಾದರೂ ಸೆರಗಿನಲ್ಲಿ ಕೈ ಮುಚ್ಚಿಕೊಂಡು ಕೂತವರು ಕಾಣುತ್ತಿದ್ದರು. ಇದಕ್ಕೆ ಊರು ಒಂದು ಕಾರಣವನ್ನೂ ಕಂಡುಕೊಂಡಿತ್ತು. ಹೆಣ್ಣಿನ ಲಕ್ವಾ ಹಟಮಾರಿ, ಹಿಡಿದರೆ ಬಿಡುವುದಿಲ್ಲ, ಗಂಡಿನದು ಸಾಧು.

ಇದನ್ನು ಕೇಳಿ ನಿಮಗೆ ಸಿಟ್ಟು ಬಂದರೆ ನನ್ನ ಮೇಲೂ ಬರಲಿ. ನಾನೂ ಹಾಗೆ ಅಂದವಳೇ. ನನ್ನ ಹಡೆದವ್ವನ ಬಿದ್ದ ಕೈಯನ್ನು ನನ್ನ ತೊಡೆಯ ಮೇಲಿಟ್ಟುಕೊಂಡು ಎಣ್ಣೆ ತೀಡುತ್ತಾ, "ಹೆಣ್ಣ ಲಕ್ವಾ ಯವ್ವಾ, ಏನ ಮಾಡಾಕ ಬರತೈತಿ," ಎಂದು ಅವಳಿಗೇ ಹೇಳಿದ್ದೇನೆ. ಅವ್ವ ತನ್ನ ತವರಿಗೆ ಹೋಗಿ ಐದು ದಿನ ಕೂತು ಬಂದಿದ್ದಳು. ಆಮೇಲೆ ಹನ್ನೊಂದು ವರ್ಷ ನಮ್ಮಪ್ಪನ ಮನೆಯ ಪಡಸಾಲೆಯಲ್ಲಿ, ಬಾಗಿಲ ಪಕ್ಕದಲ್ಲಿ ಹುರಿ ಹೆಣೆದ ಹೊರಸಿನ ಮೇಲೆ ಕೂತಿದ್ದಳು. ಗಾಳಿ ಬರುತ್ತದೆ ಎಂದು ಹೊರಸನ್ನು ಅಲ್ಲಿ ಹಾಕಿದ್ದೆವು. ಕೈ ಮಡಿಲಲ್ಲೇ ಇತ್ತು. ಹಾಗೇ ಹೋದಳು.

ನಾನು ಕೌದಿ ಹೊಲಿಯುವವಳು. ಹಳೆ ಸೀರೆ, ಧೋತರ ಒಂದರ ಮೇಲೊಂದು ಹಾಸಿ, ಅಂಚಿನಿಂದ ಒಳಕ್ಕೆ ಸುತ್ತಿ ಸುತ್ತಿ ಕಾಳುಕಾಳಿನಂತೆ ದಾರ ಹಾಕುತ್ತಾ ನಡುವಿಗೆ ಬರುವುದು ನಮ್ಮ ಕೆಲಸ. ಎಲ್ಲ ಮುಗಿದ ಮೇಲೆ ಒಂದು ಕಡೆ ಬಾಯಿ ಬಿಟ್ಟು, ಕೌದಿಯ ಹೊಟ್ಟೆ ಖಾಲಿ ಇರಬಾರದೆಂದು ಒಂದು ಚೂರು ಒಣಗಿದ ಹೋಳಿಗೆಯನ್ನು ಒಳಗಿಟ್ಟು ಹೊಲಿದುಬಿಡುತ್ತೇವೆ. ಆ ವರ್ಷ ಅಣ್ಣ ಗುರುಪಾದಪ್ಪನ ಮನೆಯಲ್ಲಿ ಅವನ ಸೊಸೆಗೆ ಎರಡನೆಯ ಹೆರಿಗೆಯಾಗಿ ಮೊಮ್ಮಗ ಹುಟ್ಟಿದ್ದ. ಕೂಸಿಗೆ ಹೊದಿಸಲು ಅವ್ವನ ಒಂದು ಹಸಿರು ಸೀರೆಯನ್ನು ಮೇಲ್ಪದರ ಮಾಡಿ ಕೌದಿ ಹಿಡಿದಿದ್ದೆ. ಮಧ್ಯಾಹ್ನ ಊಟವಾಗಿ ಕೂತು ಸೂಜಿ ಚುಚ್ಚಿದೆ. ಎಳೆ ಎಂದು ಕೈಗೆ ಹೇಳಿದೆ. ಕೈ ಕೇಳಲಿಲ್ಲ. ಯಾರದೋ ಕೈಯನ್ನು ಯಾರೋ ನನ್ನ ತೊಡೆಯ ಮೇಲೆ ಬಿಟ್ಟುಹೋದ ಹಾಗೆ ಬಿದ್ದುಕೊಂಡಿತ್ತು. ಬಾಯಿ ಎರಡು ದಿನ ಸೊಟ್ಟಗಿದ್ದು ನೆಟ್ಟಗಾಯಿತು. ಕಾಲು ಒಂದು ವಾರ ಎಳೆದು ಸರಿಹೋಯಿತು. ಬಲಗೈ ಮಾತ್ರ ಹಾಗೇ ಉಳಿಯಿತು.

ಮರುದಿನ ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆಗೆ ಕೂತೆ. ವಿಭೂತಿ ಹಚ್ಚುವ ಕೈ ಮೇಲೇಳಲಿಲ್ಲ. ಹತ್ತಿರ ಬಂದು ಕೂತವರು ನಮ್ಮ ಮನೆಯವರು. ಅವರದು ಜೋಳ ಬೀಸುವ ಗಿರಣಿ. ತಲೆಯಿಂದ ಕಾಲಿನ ತನಕ ಸದಾ ಹಿಟ್ಟು. ಬಿಳಿಯ ಬೆರಳಿನಿಂದ ವಿಭೂತಿ ತೆಗೆದು ಲಿಂಗಕ್ಕೆ ಹಚ್ಚಿ, ಹೂವಿಟ್ಟು, "ಆತು ಬಿಡ. ಶಿವ ಏನ ಕೈ ನೋಡ್ತಾನೇನ?" ಎಂದರು.

"ಶಿವ ನೋಡಾಂಗಿಲ್ಲ. ನಾ ನೋಡ್ತೀನಲ್ಲ," ಎಂದೆ.

ಅಣ್ಣನ ಮನೆಗೆ, ಅಂದರೆ ನಮ್ಮಪ್ಪನ ಮನೆಗೆ ಹೊರಟೆ. ಅಲ್ಲಿ ಹುಟ್ಟಿದವಳು ನಾನು, ಕಟ್ಟಿನ ಪ್ರಕಾರವೇ ಹೋದೆ. ಮನಸ್ಸಿನೊಳಗೆ ಒಂದು ಧೈರ್ಯವೂ ಇತ್ತು. ಮೂರು ವರ್ಷದ ಹಿಂದೆ ಅಣ್ಣನಿಗೇ ಲಕ್ವಾ ಹೊಡೆದು ಎಡಗಾಲು ಎಡಗೈ ಎರಡೂ ಬಿದ್ದಿದ್ದವು. ಅವನ ಹೆಂಡತಿ, ನಮ್ಮ ವೈನಿ ಕಲ್ಲವ್ವನ ಸೊಂಟಕ್ಕೆ ಅವನ ಭಾರ ತಡೆಯುತ್ತಿರಲಿಲ್ಲ. ದಿನಾ ಕೋಳಿ ಕೂಗುವ ಮೊದಲೇ ನಾನು ಎರಡು ಓಣಿ ದಾಟಿ ಹೋಗಿ, ಅವನನ್ನು ಚೌಕಟ್ಟಿಗೆ ಒರಗಿಸಿ ನಿಲ್ಲಿಸಿ, ಮೊಣಕಾಲಿಗೆ ನನ್ನ ಮೊಣಕಾಲು ಕೊಟ್ಟು ಎಣಿಸುತ್ತಿದ್ದೆ. ಒಂದು ದಿನವಲ್ಲ ಎರಡು ದಿನವಲ್ಲ, ನಾಲ್ಕು ತಿಂಗಳು. ಅವನು ಅಳುತ್ತಿದ್ದ, ನನ್ನನ್ನು ಬೈಯುತ್ತಿದ್ದ. "ಬೈಕೊಂತ ಎಣಸಣ್ಣಾ, ಶಿವ ಎರಡೂ ಕೇಳತಾನ," ಎನ್ನುತ್ತಿದ್ದೆ. ಈಗ ಅವನು ಹೆಗಲ ಮೇಲೆ ಚೀಲ ಹೊತ್ತು ಅಟ್ಟ ಹತ್ತುತ್ತಾನೆ.

ಐದು ದಿನವೂ ಅವನು ನನ್ನ ಮೊಣಕೈ ಹಿಡಿದು ಕೂತ, ಸುಳ್ಳು ಹೇಳಬಾರದು. ಚೆನ್ನಾಗಿಯೇ ಎಣಿಸಿದ. ಮೊದಲ ದಿನ ಏನೂ ಇಲ್ಲ. ಎರಡನೆಯ ದಿನ ಏನೂ ಇಲ್ಲ. ನಾಲ್ಕನೆಯ ದಿನ ಭುಜದ ಹತ್ತಿರ ಇರುವೆ ಹರಿದಂತಾಯಿತು. ಐದನೆಯ ದಿನ ಏಳನೆಯ ಐವತ್ತಿನಲ್ಲಿ ಕಿರಿಬೆರಳು ಒಂದು ಕೂದಲಷ್ಟು ಮೇಲೆದ್ದು ಕೂತಿತು.

"ಅಣ್ಣಾ, ನೋಡಿಲ್ಲಿ."

"ನೋಡಿದ್ನೆವಾ. ಶಿವ ದೊಡ್ಡಾವ." ಅವನ ಮುಖ ನಿಜವಾಗಿಯೂ ಅರಳಿತ್ತು. ಬಿಸಿಲು ಬೀಳುವವರೆಗೂ ಎಣಿಸಿ ಮುಗಿಸಿ, ಚಹಾದ ಬಟ್ಟಲು ಕೈಗೆ ತೆಗೆದುಕೊಂಡು, "ಚಲೋ ಆತು. ಊಟ ಮಾಡಿ ಹೋಗಾಕಿಯೋ, ಈಗ ಗಾಡಿ ಹೂಡಸಲೋ?" ಎಂದ.

ನಾನು ತಮಾಷೆ ಎಂದುಕೊಂಡೆ. "ಈಗ ಬೆರಳ ಎದ್ದೈತಿ. ಇನ್ನ ಮೂರ ತಿಂಗಳ ಕೂತ್ರ ಕೈ ಎದ್ದೀತು," ಎಂದೆ.

"ಮೂರ ತಿಂಗಳ ಯಾರಿಗಿ?" ಒಳಗಿನಿಂದ ವೈನಿ ಕೇಳಿದಳು. ರೊಟ್ಟಿ ಬಡಿಯುತ್ತಿದ್ದಳು, ಸದ್ದು ನಿಲ್ಲಲಿಲ್ಲ. "ಕೊಟ್ಟ ಹೆಣ್ಣಿಗಿ ಐದ ದಿನ. ನಾವೇನ ಇವತ್ತ ಹೊಸದಾಗಿ ಹೇಳಾಕತ್ತೀವೇನ ಸಾವಂತ್ರೆವ್ವಾ? ನಮ್ಮವ್ವನೂ ಹೋದ ವರ್ಷ ತನ್ನ ತವರಾಗ ಐದ ದಿನ ಕೂತು ಎದ್ದು ಬರಲಿಲ್ಲೇನ? ಈಗ ನಮ್ಮಪ್ಪನ ಮನ್ಯಾಗ ಹೊರಸ ಹಿಡದಾಳ. ಆಕಿ ಏನ ಜಗಳ ತಗದಳೇನ?"

"ನೀ ನಾಕ ತಿಂಗಳ ಕೂತೀ ಅಣ್ಣಾ," ಎಂದೆ.

"ನಾ ಮನಿ ಮಗ."

"ನಾ?"

ಅವನು ಚಹಾ ಕುಡಿದು ಬಟ್ಟಲು ಕೆಳಗಿಟ್ಟ. "ನೀ ಮನಿ ಮಗಳು. ಅದಕ್ಕ ಐದ ದಿನ. ಇಲ್ಲಾಂದ್ರ ಅದೂ ಇಲ್ಲ. ನನ್ನ ಮ್ಯಾಲ ಸಿಟ್ಟಾಗಬ್ಯಾಡ ತಂಗೀ. ಮೊಮ್ಮಗ ಬಂದಾನ. ಹೊಸ್ತಲದಾಗಿನ ಮಿಡಿತ ನೀ ಒಯ್ದಿ ಅಂದ್ರ ನಾಳಿ ಅವಗ ಏನ ಉಳೀತೈತಿ?"

ತೊಟ್ಟಿಲಲ್ಲಿ ಒಂದೂವರೆ ತಿಂಗಳ ಕೂಸು ಮಲಗಿತ್ತು. ಅದಕ್ಕೆ ಎಪ್ಪತ್ತನೆಯ ವಯಸ್ಸಿನಲ್ಲಿ ಹೊಡೆಯಬಹುದಾದ ಲಕ್ವಾಕ್ಕಾಗಿ ನನ್ನ ಇವತ್ತಿನ ಕೈಯನ್ನು ತೆಗೆದಿಟ್ಟಿದ್ದರು. ಅದೇ ಕೂಸಿನ ಕೌದಿ ನಮ್ಮ ಮನೆಯಲ್ಲಿ ಸೂಜಿ ಚುಚ್ಚಿದ ಹಾಗೇ ಬಿದ್ದಿತ್ತು. ನಾನು ಊಟ ಮಾಡಲಿಲ್ಲ. ಗಾಡಿಯನ್ನೂ ಹತ್ತಲಿಲ್ಲ. ಎರಡು ಓಣಿ ನಡೆದೇ ಬಂದೆ. ದಾರಿಯುದ್ದಕ್ಕೂ ಶಿವನ ಹೆಸರು ಹೇಳುತ್ತಿದ್ದೆ; ಆದರೆ ಅವತ್ತು ಹೇಳಿದ ರೀತಿಯಲ್ಲಿ ಹೇಳಿದರೆ ಅದು ಜಪವಾಗುತ್ತದೋ ಜಗಳವಾಗುತ್ತದೋ ನನಗೆ ಗೊತ್ತಿಲ್ಲ.

ಮೂರು ವಾರ ಕಳೆಯಿತು. ಎದ್ದ ಕಿರಿಬೆರಳು ಮತ್ತೆ ಮಲಗಿತು. ಬೆರಳುಗಳು ಒಳಕ್ಕೆ ಮುದುಡುತ್ತಾ ಬಂದವು. ಬೆಳಿಗ್ಗೆ ಎಡಗೈಯಿಂದ ಒಂದೊಂದಾಗಿ ಬಿಡಿಸಿದರೆ ಮಧ್ಯಾಹ್ನಕ್ಕೆ ಮತ್ತೆ ಮುದುಡಿರುತ್ತಿದ್ದವು. ಅವ್ವನ ಕೈ ಹೀಗೇ ಆದದ್ದು ನನಗೆ ನೆನಪಿತ್ತು. ಮೂರು ತಿಂಗಳು ದಾಟಿದರೆ ಗಂಟು ಬೀಳತೊಡಗುತ್ತದೆ, ಆಮೇಲೆ ಹೊಸ್ತಿಲಿಗೆ ಕೂತರೂ ಏಳುವುದು ಬಲು ನಿಧಾನ. ದಿನ ಎಣಿಸುತ್ತಾ ಕೂತಿದ್ದೆ.

ಅಂಥ ಒಂದು ದಿನ ಸೂಲಗಿತ್ತಿ ಬಾಳವ್ವ ಬಂದಳು. ತೊಂಬತ್ತು ದಾಟಿದ ಮುದುಕಿ. ನಮ್ಮೂರ ಮುಕ್ಕಾಲು ಮಂದಿಯನ್ನು ಭೂಮಿಗೆ ಇಳಿಸಿಕೊಂಡವಳು. ಬಗಲಲ್ಲಿ ಹರಿದ ಕೌದಿ ಹಿಡಿದಿದ್ದಳು.

"ಸಾವಂತ್ರೀ, ಇದಕ್ಕ ನಾಕ ಹೊಲಿಗಿ ಹಾಕಿಕೊಡ. ಚಳಿ ನನ್ನ ಮದವಿ ಆಗಾಕ ಬಂದೈತಿ," ಎಂದಳು.

ಕೈ ತೋರಿಸಿದೆ. ಬಾಳವ್ವ ಹಿಡಿದು, ಬೆರಳು ಬಿಡಿಸಿ ನೋಡಿ, "ಹೊಸ್ತಲಕ್ಕ ಕೂತಿಲ್ಲೇನ?" ಎಂದಳು.

"ಕೂತೆ. ಐದ ದಿನ. ಬೆರಳ ಎದ್ದಿತ್ತು. ಎಬ್ಬಿಸಿ ಕಳಿಸಿದ್ರು. ಅಣ್ಣ ಆ ಮನ್ಯಾಗ ಹುಟ್ಟಿದ ಮಗ, ಅವಗ ನಾಕ ತಿಂಗಳು. ನಾನೂ ಅಲ್ಲೇ ಹುಟ್ಟೀನಿ, ನನಗ ಐದ ದಿನ." ಮೂರು ವಾರ ನುಂಗಿಕೊಂಡದ್ದೆಲ್ಲ ಹೊರಗೆ ಬಂತು.

ಬಾಳವ್ವ ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕಳು. "ಯಾರು, ಗುರುಪಾದನೇನ? ಅವ ಎಲ್ಲಿ ಆ ಮನ್ಯಾಗ ಹುಟ್ಟಿದ್ನ? ಚೊಚ್ಚಲ ಅಲ್ಲೇನ ಅವ? ಚೊಚ್ಚಲ ಬಾಣಂತನ ತವರಾಗಲ್ಲೇನ? ನಿಮ್ಮವ್ವ ಏಳ ತಿಂಗಳಿಗೇ ಕೆಳಗಿನ ಓಣಿಗಿ ತವರಿಗೆ ಹೋಗಿದ್ಲು. ನಿಮ್ಮ ಸ್ವಾದರಮಾವನ ಮನ್ಯಾಗ ಅವನ ಹೊಕ್ಕಳ ಕೊಯ್ದಾಕಿ ನಾನ. ನಿಮ್ಮ ಮಾವ ಓಣಿಗೆಲ್ಲ ಸಕ್ಕರಿ ಹಂಚಿ ಕಡೀಕ ಹಂಚಾಕ ಮಂದಿ ಇಲ್ಲಂತ ದನಕ್ಕೂ ತಿನಿಸಿದ."

ಈ ಕಥೆ ನನಗೆ ಗೊತ್ತಿತ್ತು. ಅವ್ವ ನೂರು ಸಲ ಹೇಳಿದ್ದಳು. ದನಕ್ಕೆ ಸಕ್ಕರೆ ತಿನಿಸಿದ ಕಡೆ ಬಂದಾಗ ನಾವೆಲ್ಲ ನಗುತ್ತಿದ್ದೆವು. ಅಣ್ಣನೂ ನಗುತ್ತಿದ್ದ.

"ಅಣ್ಣ ಆ ಮನ್ಯಾಗ ಹುಟ್ಟಿಲ್ಲ," ಎಂದೆ, ನನಗೇ ಕೇಳಿಸಲಿ ಎಂಬಂತೆ. "ಆದ್ರೂ ಆ ಮನಿ ಹೊಸ್ತಲ ಅವಗ ಹಿಡೀತು."

"ಅವನೊಬ್ಬನ ಅಲ್ಲವಾ. ಮ್ಯಾಗಿನ ಓಣಿ ಗೌಡ ಚೊಚ್ಚಲ, ಕಿರಾಣಿ ಅಂಗಡಿ ಮಾದಪ್ಪ ಚೊಚ್ಚಲ. ಎಲ್ಲಾರೂ ಅವ್ವನ ತವರಾಗ ಹುಟ್ಟಿ ಅಪ್ಪನ ಮನ್ಯಾಗ ಕೂತು ಎದ್ದಾವ್ರು."

"ಇದನ್ನ ನೀ ಯಾರ ಮುಂದೂ ಹೇಳಲಿಲ್ಲೇನ ಬಾಳವ್ವಾ?"

"ಕೇಳಿದ್ರಲ್ಲೇನ ಹೇಳೂದು?" ಎಂದಳು ಅವಳು. "ಹುಟ್ಟಿಸೂತನಕ ಕರೀತಾರ, ಆಮ್ಯಾಲ ಸೂಲಗಿತ್ತಿ ಮಾತ ಯಾರಿಗಿ ಬೇಕು? ನಾ ನನ್ನ ಪಾಡಿಗಿ ನಾ ಇದ್ದೆ. ಖರೇ ಅಂದ್ರ ನನಗೂ ಈಗ ಹೊಳೀಲಿಕ್ಕತ್ತೈತಿ."

ಚೊಚ್ಚಲ ಹೆರಿಗೆ ತವರಿನಲ್ಲಿ ಎಂಬುದು ನಮ್ಮೂರಿನ ಕೂಸುಕುನ್ನಿಗೂ ಗೊತ್ತು. ಹೊಸ್ತಿಲು ಹುಟ್ಟಿದವರಿಗೇ ಹಿಡಿಯುವುದು ಎಂಬುದೂ ಕೂಸುಕುನ್ನಿಗೂ ಗೊತ್ತು. ಎರಡೂ ಒಂದೇ ಮನೆಯಲ್ಲಿ, ಬೇರೆ ಬೇರೆ ಪೆಟ್ಟಿಗೆಯಲ್ಲಿ ಮಡಚಿಟ್ಟ ಅರಿವೆಗಳು. ಒಂದರ ಪಕ್ಕ ಒಂದು ಹಾಸಿದವರು ಇರಲಿಲ್ಲ. ನಾಲ್ಕು ತಿಂಗಳು ಅಣ್ಣನ ಮೊಣಕಾಲು ಹಿಡಿದು ಕೂತ ನಾನೂ ಹಾಸಿ ನೋಡಲಿಲ್ಲ, ಅರಿವೆಗೆ ಅರಿವೆ ಹೊಂದಿಸುವುದೇ ಕಸುಬಾದವಳು. ಹೊಸ್ತಿಲು ಯಾರನ್ನೂ ಎಲ್ಲಿ ಹುಟ್ಟಿದೆ ಎಂದು ಕೇಳುತ್ತಿರಲಿಲ್ಲ. ಎಷ್ಟು ದಿನ ಕೂರುತ್ತೀ ಎಂದಷ್ಟೇ ಕೇಳುತ್ತಿತ್ತು.

ಮರುದಿನ ಕೋಳಿ ಕೂಗಿದಾಗ ಎದ್ದು ನಮ್ಮ ಮನೆಯ ಬಾಗಿಲು ತೆಗೆದೆ. ನಮ್ಮ ಎಂದರೆ ನನ್ನ ಗಂಡನ ಮನೆಯ ಬಾಗಿಲು. ಮೂವತ್ತೆರಡು ವರ್ಷದಿಂದ ದಾಟುತ್ತಿದ್ದ ಹೊಸ್ತಿಲು. ಹಿಂದಿನ ದಿನ ಗಿರಣಿಯಿಂದ ಬಂದವರ ಮೈಯಿಂದ ಉದುರಿದ ಹಿಟ್ಟು ಅದರ ಮೇಲೆ ತೆಳ್ಳಗೆ ಹರಡಿತ್ತು. ದೀಪ ಹಿಡಿದು ನೋಡಿದರೆ ಹಿಟ್ಟು ಕುಣಿಯುತ್ತಿತ್ತು. ದಿನಾ ಕುಣಿಯುತ್ತಿತ್ತು, ನಾನು ದಿನಾ ಒರೆಸುತ್ತಿದ್ದೆ.

ನಮ್ಮ ಮನೆಯವರನ್ನು ಎಬ್ಬಿಸಿ, "ನನ್ನ ಮೊಣಕೈ ಹಿಡಕೊಂಡು ಎಣಸಬೇಕ್ರಿ," ಎಂದೆ. ಸಂಗತಿ ಹೇಳಿದೆ. ಅವರು ತಲೆ ಕೆರೆದುಕೊಂಡು ನಿಂತರು.

"ಸೊಸಿ ಗಂಡನ ಮನಿ ಹೊಸ್ತಲಕ್ಕ ಕೂತಿದ್ದನ್ನ ಯಾರೂ ಕಂಡಿಲ್ಲ. ಮಂದಿ ನಗತಾರ."

"ನಗಲಿ. ನಕ್ಕರ ಅವರ ಬಾಯಿ ನೋಯತೈತಿ, ನನ್ನ ಕೈ ಅಲ್ಲ."

"ಊರ ದೈವದ ಹಿರಿಯರು ಪಂಚಾಯ್ತಿಗಿ ಕರಿಸಿ ಕೇಳಿದ್ರ?"

"ನನ್ನ ಕಳಿಸ್ರಿ. ಅವರಾಗ ಚೊಚ್ಚಲ ಯಾರ್ಯಾರು ಅಂತ ಬಾಳವ್ವನ ಕೇಳಿಕೊಂಡ ಹೋಗ್ತೀನಿ."

ಅವರು ನಕ್ಕುಬಿಟ್ಟರು. ಆಮೇಲೆ ಕೂತು, ಹಿಟ್ಟಿನ ಕೈಯಿಂದ ನನ್ನ ಮೊಣಕೈಯನ್ನು ಹಿಡಿದರು. ಎಣಿಸುವಾಗ ಮೂವತ್ತರ ಮೇಲೆ ತಪ್ಪುತ್ತಿದ್ದರು. ತಪ್ಪಿದಾಗಲೆಲ್ಲ ನಾನು ತಿದ್ದುತ್ತಿದ್ದೆ.

ಓಣಿ ನಕ್ಕಿತು. ನೀರಿಗೆ ಹೊರಟವರು ಕೊಡ ಸೊಂಟಕ್ಕಿಟ್ಟುಕೊಂಡು ನಿಂತು ನೋಡಿದರು. "ಗಿರಣಿ ದುಂಡಪ್ಪನ ಹೆಂಡತಿ ಅತ್ತಿ ಮನ್ಯಾಗ ಇನ್ನೊಮ್ಮಿ ಹುಟ್ಟಾಕತ್ತಾಳ ನೋಡ್ರೆ," ಎಂದಳೊಬ್ಬಳು. ನಾನು ಎಣಿಕೆ ಬಿಡಲಿಲ್ಲ. ಎಂಟು ದಿನ ಏನೂ ಆಗಲಿಲ್ಲ, ಬೇಕಾದರೆ ಇದನ್ನೂ ಬರೆದುಕೊಳ್ಳಿ. ಒಂಬತ್ತನೆಯ ದಿನ ಕಿರಿಬೆರಳು ಎದ್ದಿತು. ಹದಿನೈದನೆಯ ದಿನ ಅದರ ಪಕ್ಕದ್ದು. ತಿಂಗಳಿಗೆ ಮಣಿಕಟ್ಟು ತಿರುಗಿತು. ಮೊರದ ಮುಂದೆ ಕೂತು ಮೊದಲ ಜೋಳದ ಕಾಳನ್ನು ಎತ್ತಿ ಬಟ್ಟಲಿಗೆ ಹಾಕಿದ ದಿನ ಆ ಟಣ್ಣೆಂಬ ಸದ್ದಿಗೆ ಅವರು ಗಿರಣಿಗೆ ಹೊರಟವರು ಬಾಗಿಲಲ್ಲೇ ನಿಂತರು. ಎರಡೂವರೆ ತಿಂಗಳಿಗೆ ಲಿಂಗಕ್ಕೆ ನಾನೇ ವಿಭೂತಿ ಹಚ್ಚಿದೆ. ತೋರುಬೆರಳು ಇವತ್ತಿಗೂ ತುಸು ಸೊಟ್ಟ. ವಿಭೂತಿಯ ಗೆರೆ ಒಂದು ಕಡೆ ಇಳಿಯುತ್ತದೆ. ಶಿವನಿಗೆ ಅಭ್ಯಾಸವಾಗಿದೆ.

ಅಂದು ಕೊಡ ಹಿಡಿದು ನಕ್ಕವಳು ಒಂದು ದಿನ ಬಂದು, ತನ್ನ ಅತ್ತೆಯ ಕಾಲಿನ ಬಗ್ಗೆ ಮೆಲ್ಲಗೆ ಕೇಳಿಕೊಂಡು ಹೋದಳು.

ಜನ ನನಗೆ ಹೇಳಿದರು, ಸಂತೋಷ ಪಡು ಸಾವಂತ್ರೆವ್ವ, ಕೈ ಬಂತಲ್ಲ. ಸಂತೋಷ ಪಟ್ಟೆ. ಆದರೆ ಕೈ ಬರುತ್ತಾ ಬರುತ್ತಾ ಸಿಟ್ಟೂ ಅದರ ಜೊತೆಗೇ ಬೆಳೆಯಿತು. ಕೈ ಬಾರದೆ ಇದ್ದಿದ್ದರೆ ಅವ್ವನದೂ ಹಣೆಬರಹ ಎಂದುಕೊಂಡು ಇದ್ದುಬಿಡಬಹುದಿತ್ತು. ಬಂದ ಮೇಲೆ ಹಾಗೆ ಇರಲಾಗಲಿಲ್ಲ. ಶಿವನು ಊರಿಗೆಲ್ಲ ಸಮನಾಗಿ ಮಿಡಿಸಿದ್ದನ್ನು ನಾವು ಗಂಡಿಗೆ ಮೂರು ತಿಂಗಳು, ಹೆಣ್ಣಿಗೆ ಐದು ದಿನ ಎಂದು ಹರಿದು ಹಂಚಿ, ಆಮೇಲೆ ಹೆಣ್ಣಿನ ರೋಗವನ್ನೇ ಹಟಮಾರಿ ಎಂದು ಬೈದೆವು.

ಕೌದಿ ಮುಗಿಸಿದೆ. ಹೊಲಿಗೆ ಮೊದಲಿನಷ್ಟು ನೆಟ್ಟಗಿಲ್ಲ. ಎಲ್ಲಿ ಕೈ ಬಿತ್ತೋ ಅಲ್ಲಿಂದ ಮುಂದೆ ದಾರ ಕುಡಿದವನಂತೆ ಹೋಗಿದೆ. ಬಿಚ್ಚಿ ಮತ್ತೆ ಹಾಕಲಿಲ್ಲ. ಹೊಟ್ಟೆಗೆ ಹೋಳಿಗೆ ಚೂರು ಇಟ್ಟು ಬಾಯಿ ಹೊಲಿದೆ. ಕೂಸು ಏನು ತಪ್ಪು ಮಾಡಿದೆ? ಕೋಳಿ ಕೂಗಿದ ಮೇಲೆ ಕೌದಿ ಬಗಲಲ್ಲಿಟ್ಟುಕೊಂಡು ಅಣ್ಣನ ಮನೆಗೆ ಹೋದೆ.

ಅಣ್ಣ ಕಟ್ಟೆಯ ಮೇಲೆ ಹಲ್ಲುಜ್ಜುತ್ತಿದ್ದ. ನನ್ನ ಸುದ್ದಿ ಊರಿಗೆಲ್ಲ ಗೊತ್ತಾದ ಹಾಗೆ ಅವನಿಗೂ ಗೊತ್ತಾಗಿತ್ತು. ಬಾಯಿ ತೊಳೆದುಕೊಂಡು ಬಂದು ನನ್ನ ಕೈ ನೋಡಿದ. "ಶಿವ ಕೊಟ್ಟ," ಎಂದ.

"ಶಿವ ಮೊದಲ ಕೊಟ್ಟಿದ್ದ," ಎಂದೆ.

ವೈನಿ ಕೌದಿ ಬಿಡಿಸಿ ಕೂಸಿಗೆ ಹೊದಿಸಿದಳು. ಹಸಿರು ಸೀರೆಯ ಗುರುತು ಹಿಡಿದು, "ಅತ್ತಿಯವರದು," ಎಂದಳು. ಚಹಾ ತರಲು ಒಳಗೆ ಹೋದಳು.

"ಅವ್ವನ ಕಾಲಕ್ಕ ಇದು ಯಾರಿಗೂ ಗೊತ್ತಿರಲಿಲ್ಲ ತಂಗೀ," ಎಂದ ಅಣ್ಣ. ತಾನೇ ಕೇಳಿದ ಪ್ರಶ್ನೆಗೆ ತಾನೇ ಉತ್ತರ ಕೊಟ್ಟುಕೊಂಡಂತಿತ್ತು.

"ಗೊತ್ತಿತ್ತಣ್ಣಾ. ನಮ್ಮ ಮಾವ ದನಕ್ಕ ಸಕ್ಕರಿ ತಿನಿಸಿದ್ದ ನಿನಗ ಗೊತ್ತಿತ್ತು. ನನಗೂ ಗೊತ್ತಿತ್ತು."

ಪಡಸಾಲೆಯ ನೆಲ ಹಳೆಯ ಗಚ್ಚು. ಬಾಗಿಲ ಪಕ್ಕದಲ್ಲಿ ಅವ್ವನ ಹೊರಸಿನ ಕಾಲುಗಳು ಹನ್ನೊಂದು ವರ್ಷ ಊರಿ ಮಾಡಿದ ನಾಲ್ಕು ಕುಳಿಗಳು ಹಾಗೇ ಇವೆ. ಅಣ್ಣ ಮುಚ್ಚಿಸಿಲ್ಲ. ಬಹುಶಃ ಮರೆತಿದ್ದಾನೆ, ಬಹುಶಃ ಮನಸ್ಸು ಬಂದಿಲ್ಲ. ನಾನು ಹೋಗಿ ಬಾಗಿಲ ಕಡೆಯ ಕುಳಿಯ ಹತ್ತಿರ ಮೊಣಕಾಲೂರಿ ಕೂತೆ. ಬಲಗೈಯ ಹೆಬ್ಬೆರಳನ್ನು ಕುಳಿಯ ಅಂಚಿಗೆ ಇಟ್ಟೆ. ಕಿರಿಬೆರಳನ್ನು ಚಾಚಿದೆ. ಕೈ ಪೂರ್ತಿ ಬಿಚ್ಚಬೇಕಾದರೆ ಇನ್ನೂ ನೋಯುತ್ತದೆ. ನೋಯಲಿ ಎಂದು ಬಿಚ್ಚಿದೆ. ಒಂದು ಗೇಣು. ಕಿರಿಬೆರಳಿದ್ದಲ್ಲಿಗೆ ಹೆಬ್ಬೆರಳು ತಂದೆ. ಎರಡು.

"ಏನ ಅಳೀತೀ?" ಅಣ್ಣ ಕೇಳಿದ.

ಮೂರನೆಯ ಗೇಣಿಗೆ ಕಿರಿಬೆರಳು ಹೋಗಿ ಹೊಸ್ತಿಲ ಮರವನ್ನು ಮುಟ್ಟಿತು. ಬಿಸಿಲು ಇನ್ನೂ ಬಿದ್ದಿರಲಿಲ್ಲ. ಬೆರಳಿನ ತುದಿಗೆ ಮಿಡಿತ ಹತ್ತಿತು.

"ಅವ್ವನ ಕೈಗೂ ಹೊಸ್ತಲಕ್ಕೂ ಮೂರ ಗೇಣ ಇತ್ತಣ್ಣಾ," ಎಂದೆ. "ಹನ್ನೊಂದ ವರ್ಷ."

ಅವನು ಎಡಗಾಲಿನ ಮೇಲೆ, ನಾನು ನಾಲ್ಕು ತಿಂಗಳು ಹಿಡಿದು ಎಬ್ಬಿಸಿದ ಕಾಲಿನ ಮೇಲೆ, ನಿಂತಿದ್ದ.

ಸದ್ದಾದದ್ದು ವೈನಿಯ ಕೈಯಿಂದ. ಚಹಾದ ತಟ್ಟೆಯನ್ನು ನೆಲಕ್ಕಿಟ್ಟಳು, ಇಡುವಾಗ ಬಟ್ಟಲು ಹೊರಳಿತು, ಎತ್ತಲಿಲ್ಲ. ಸೆರಗು ತಲೆಯ ಮೇಲೆ ಎಳೆದುಕೊಂಡಳು. "ನಮ್ಮವ್ವನ ಹೊರಸೂ ಬಾಗಲ ಪಕ್ಕದಾಗನ ಐತಿ," ಎಂದಳು, ನನಗೂ ಅಲ್ಲ, ಅಣ್ಣನಿಗೂ ಅಲ್ಲ. ಚಪ್ಪಲಿ ಮೆಟ್ಟದೆ ಹೊಸ್ತಿಲು ದಾಟಿ, ಬಿಸಿಲು ಬೀಳುವುದರೊಳಗೆ ಮುಟ್ಟಬೇಕೆಂದು, ತನ್ನ ಅಪ್ಪನ ಮನೆಯ ಓಣಿಯ ಕಡೆಗೆ ಓಡುವಂತೆಯೇ ನಡೆದಳು.